ಕಿಟಕಿ ಕಟ್ಟೆಯ ಮೊಟ್ಟೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿ ನಿವೃತ್ತನಾದ ಅವನನ್ನು ಬೀದಿಯವರೆಲ್ಲ ಕ್ಯಾಂಟೀನಪ್ಪ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ. ಹೆಂಡತಿ ತೀರಿಕೊಂಡ ಮೇಲೆ ಮಗ, ಸೊಸೆಯ ಜೊತೆ ಇದ್ದ. ಮಗ ಮಾತಿಗೆ ಬಡವ. ಬೆಳಿಗ್ಗೆ ಬಸ್ ಡಿಪೋಗೆ ಹೋದರೆ ಸಂಜೆ ಬಂದು, ಉಂಡು, ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುವವನು. ಹಾಗಾಗಿ ಆ ಮನೆಯಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ ದನಿಗಳು ಎರಡೇ: ಒಂದು ಮಾವನದು, ಇನ್ನೊಂದು ಸೊಸೆಯದು. ಅವರ ಜಗಳಕ್ಕೆ ಬೇಕಾದ ಮೇವನ್ನೆಲ್ಲ ಒದಗಿಸುತ್ತಿದ್ದದ್ದು ಮೊಟ್ಟೆ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದಳು. ಗಾಜಿನ ಮೇಲೆ ಬೆರಳಿನ ಗುರುತು ಬಿದ್ದರೂ ಸಹಿಸದ ಅಭ್ಯಾಸ ಅಲ್ಲಿಂದಲೇ ಬಂದದ್ದೋ ಏನೋ, ಅಡುಗೆಮನೆಯಲ್ಲೂ ಹಾಗೆಯೇ ಇದ್ದಳು. ತಂದ ಮೊಟ್ಟೆಯನ್ನು ಡಬ್ಬಿಯ ಸಮೇತ ಫ್ರಿಜ್ಜಿನ ಕೆಳತಟ್ಟಿನಲ್ಲಿ ಹಿಂದಕ್ಕೆ ತಳ್ಳಿ ಇಡುತ್ತಿದ್ದಳು. ಬಾಗಿಲಿನ ಗುಳಿಗಳಲ್ಲಿ ಇಡಲು ಬಿಡುತ್ತಿರಲಿಲ್ಲ. ಬಾಗಿಲು ತೆಗೆದು ಹಾಕಿ ಮಾಡುವಾಗೆಲ್ಲ ಅವಕ್ಕೆ ಬಿಸಿಗಾಳಿ ತಾಗುತ್ತದೆ ಎನ್ನುತ್ತಿದ್ದಳು. ಡಬ್ಬಿಯ ಮೇಲೆ ತಂದ ದಿನವನ್ನು ಬರೆದಿಡುತ್ತಿದ್ದಳು. ಮೊಟ್ಟೆ ಒಡೆದ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಿದರೆ ಆ ಡಬ್ಬಿಗೂ ಸ್ನಾನ. ಕೋಳಿ ಹೆಚ್ಚಲು ಒಂದು ಹಲಗೆ, ತರಕಾರಿಗೆ ಇನ್ನೊಂದು.

"ಮೊಟ್ಟೆಗೂ ಹುಟ್ಟಿದ ದಿನ ಬರ್ದಿಡ್ತೀಯಲ್ಲ, ಕೇಕ್ ಯಾವಾಗ ಕತ್ತರಿಸ್ತೀಯಾ ಇನ್‌ಸ್ಪೆಕ್ಟ್ರಮ್ಮಾ?" ಎಂದು ಕ್ಯಾಂಟೀನಪ್ಪ ಕೆಣಕುತ್ತಿದ್ದ.

"ನೀವು ಊದೋದಾದ್ರೆ ಇವತ್ತೇ ಮೇಣದ ಬತ್ತಿ ಹಚ್ತೀನಿ ಮಾವ."

ಅವನ ಲೆಕ್ಕವೇ ಬೇರೆ. ಒಲೆಯ ಪಕ್ಕದ ಕಿಟಕಿ ಕಟ್ಟೆಯ ಮೇಲೆ ತಂತಿಯ ಬುಟ್ಟಿಯೊಂದರಲ್ಲಿ ಅವನದೇ ಮೊಟ್ಟೆಗಳು ಇರುತ್ತಿದ್ದವು. ಮಧ್ಯಾಹ್ನದವರೆಗೆ ಅಲ್ಲಿಗೆ ಬಿಸಿಲು ಬೀಳುತ್ತಿತ್ತು. ಫ್ರಿಜ್ಜಿನ ಮೊಟ್ಟೆ ಕುದಿನೀರಿಗೆ ಬಿದ್ದರೆ ಪಟ್ಟನೆ ಸೀಳುತ್ತದೆ, ತಣ್ಣಗಿನ ಮೊಟ್ಟೆಗೆ ರುಚಿಯೇ ಇಲ್ಲ ಎನ್ನುವುದು ಅವನ ವಾದ. "ದಿನಕ್ಕೆ ನೂರಾರು ಮೊಟ್ಟೆ ಒಡೆದ ಕೈ ಇದು. ಒಬ್ಬನಾದ್ರೂ ಹೊಟ್ಟೆ ಹಿಡ್ಕೊಂಡು ಬಂದಿದ್ದಾನಾ ಕೇಳು" ಎಂದು ಅಂಗೈ ತೋರಿಸುತ್ತಿದ್ದ.

"ಬರೋಕೆ ಶಕ್ತಿ ಇದ್ದಿದ್ರೆ ತಾನೇ ಬರೋದು!" ಎನ್ನುತ್ತಿದ್ದಳು ಅವಳು.

ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೆಂಡತಿ ಹೋದಮೇಲೆ ಬಂಧುಗಳೆಲ್ಲ ಅವನ ಹತ್ತಿರ ಮೆಲುದನಿಯಲ್ಲಿ, ಜ್ವರದ ರೋಗಿಯ ಹತ್ತಿರ ಆಡಿದಂತೆ ಮಾತಾಡುತ್ತಿದ್ದರು. ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟು ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದವಳು ಈ ಸೊಸೆ. ಅದು ಅವನಿಗೆ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳಿರಲಿಲ್ಲ.

ಹೀಗಿರುವಾಗ ಮಗಳು ಬಂದಳು. ತುಂಬು ಬಸುರಿ. ಗಂಡನನ್ನು ಕೆಲಸದ ಮೇಲೆ ದೂರದ ಊರಿಗೆ ಕಳಿಸಿದ್ದರು. ಒಬ್ಬಳೇ ಇರುವುದು ಬೇಡವೆಂದು ಅಣ್ಣನೇ ಹೋಗಿ ಕರೆತಂದ. ಕ್ಯಾಂಟೀನಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳಿಗೆ ಅದು ಮಾಡಲೇ, ಇದು ಮಾಡಲೇ ಎಂದು ಅಡುಗೆಮನೆಗೂ ಹಜಾರಕ್ಕೂ ಓಡಾಡಿ ಚಪ್ಪಲಿ ಸವೆಸಿದ.

ಅತ್ತಿಗೆ ನಾದಿನಿಯರಿಗೆ ಮೊದಲಿನಿಂದಲೂ ಚೆನ್ನಾಗಿತ್ತು. ಮಗಳ ಡಾಕ್ಟರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿ ಕಳಿಸಿದ್ದರು. ಸೊಸೆ ಅದನ್ನೆಲ್ಲ ಕೇಳಿಕೊಂಡು ಚಾಚೂ ತಪ್ಪದೆ ಮಾಡುತ್ತಿದ್ದಳು. ಮೊಟ್ಟೆಯಾದರೆ ಹಳದಿ ಗಟ್ಟಿಯಾಗುವವರೆಗೆ ಬೇಯಬೇಕು.

"ಇದೇನು ಮೊಟ್ಟೆನೋ ರಬ್ಬರ್ ಚೆಂಡೋ?" ಎಂದ ಕ್ಯಾಂಟೀನಪ್ಪ, ಮಗಳ ತಟ್ಟೆ ನೋಡಿ.

"ಇನ್ನು ಸ್ವಲ್ಪ ದಿನ ಮಾವ. ಹೆರಿಗೆ ಆಗಿಬಿಡ್ಲಿ, ಆಮೇಲೆ ನಿಮ್ಮ ಕ್ಯಾಂಟೀನ್ ತೆರೀರಿ" ಎಂದಳು ಸೊಸೆ.

ಅವನಿಗೆ ಆ ಮಾತು ಯಾಕೋ ಅವತ್ತು ನಾಟಿತು. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಕ್ಯಾಂಟೀನಿಗೆ ಬರುತ್ತಿದ್ದಳು. ಅಕ್ಕಿ ಮೂಟೆಯ ಮೇಲೆ ಕೂರಿಸಿ, ಅವಳಿಗೆಂದೇ ಒಂದು ಮೊಟ್ಟೆಯನ್ನು ಅರೆಬೇಯಿಸಿ, ಮೇಲ್ಭಾಗವನ್ನಷ್ಟೇ ಚಮಚದಿಂದ ತಟ್ಟಿ ತೆಗೆದು, ಉಪ್ಪು ಮೆಣಸು ಉದುರಿಸಿ ಕೊಡುತ್ತಿದ್ದ. ಒಳಗೆ ಹಳದಿ ಜೇನಿನಂತೆ ಇರುತ್ತಿತ್ತು. ಅವಳು ಚಿಪ್ಪನ್ನು ಲೋಟದಂತೆ ಹಿಡಿದು ಚಮಚ ಆಡಿಸುತ್ತ ಶಾಲೆಯ ಕಥೆಯನ್ನೆಲ್ಲ ಒದರುತ್ತಿದ್ದಳು. ನೂರು ಜನಕ್ಕೆ ಬಡಿಸಿದರೂ ಸಿಗದ ತೃಪ್ತಿ ಆ ಒಂದು ಮೊಟ್ಟೆಯಲ್ಲಿ ಸಿಗುತ್ತಿತ್ತು.

ಮರುದಿನ ಭಾನುವಾರ. ಸೊಸೆ ಕೋಳಿ ಬೇಯಿಸಿದ್ದಳು, ಸೌತೆಕಾಯಿ ಹೆಚ್ಚಿಟ್ಟಿದ್ದಳು. ಎಲ್ಲರೂ ಒಟ್ಟಿಗೆ ಕೂತು ಉಂಡರು. ಸೋಮವಾರ ಬೆಳಿಗ್ಗೆ ಮಗ ಡಿಪೋಗೂ ಸೊಸೆ ಅಂಗಡಿಗೂ ಹೋದ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಕ್ಯಾಂಟೀನಪ್ಪ ಕಿಟಕಿ ಕಟ್ಟೆಯ ಬುಟ್ಟಿಯಿಂದ ಒಂದು ಮೊಟ್ಟೆ ಎತ್ತಿಕೊಂಡ. ಅದರ ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕು. ಯಾವಾಗ ಬಿದ್ದಿತ್ತೋ ಗೊತ್ತಿಲ್ಲ. ಹೆಬ್ಬೆರಳಿನಿಂದ ಸವರಿ ನೋಡಿದ. ಇದನ್ನು ಇವತ್ತೇ ಮುಗಿಸಬೇಕು, ನಾಳೆಗೆ ಉಳಿಯುವುದಿಲ್ಲ ಎಂದುಕೊಂಡ. ಎಸೆಯಬೇಕು ಎಂದು ಮಾತ್ರ ಅನ್ನಿಸಲಿಲ್ಲ.

ಅರೆಬೇಯಿಸಿ, ಮೇಲ್ಭಾಗ ತಟ್ಟಿ ತೆಗೆದು ಎದುರಿಗಿಟ್ಟ ಮೊಟ್ಟೆ ನೋಡಿ ಮಗಳು ನಕ್ಕಳು.

"ಅಪ್ಪ, ಬೇಡ ಅಂದಿದ್ದಾರಲ್ಲ..."

"ಯಾರು ಬೇಡ ಅಂದಿದ್ದು? ಆ ಡಾಕ್ಟ್ರು ನಿನ್ನ ಸಾಕಿದ್ರಾ? ನಿಮ್ಮಮ್ಮ ನೀನು ಹೊಟ್ಟೇಲಿದ್ದಾಗ ದಿನಾ ತಿಂತಿದ್ಲು. ಏನಾಗಿದೆ ನಿಂಗೆ, ಕಲ್ಲುಗುಂಡಿನ ಹಾಗಿದ್ದೀಯ."

"ಅತ್ತಿಗೆ ಬೈತಾರೆ."

"ಅತ್ತಿಗೆಗೆ ಹೇಳಿದ್ರೆ ತಾನೇ? ತಿನ್ನು ಪುಟ್ಟಿ. ಎಷ್ಟು ವರ್ಷ ಆಯ್ತು ನಿಂಗೆ ನಾನು ಹೀಗೆ ಮಾಡಿಕೊಟ್ಟು."

ಅವಳು ಅಪ್ಪನ ಮುಖವನ್ನು ಒಂದು ಕ್ಷಣ ನೋಡಿದಳು. ಚಮಚ ಎತ್ತಿಕೊಂಡಳು. ಅವನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಚಿಪ್ಪು ಖಾಲಿಯಾಗುವವರೆಗೂ ನೋಡಿದ. ಆಮೇಲೆ ಚಮಚ ತೊಳೆದಿಟ್ಟು, ಚಿಪ್ಪನ್ನು ಕಸದ ಬುಟ್ಟಿಗೆ ಹಾಕಿ, ಕಳ್ಳ ಬೆಕ್ಕಿನಂತೆ ಮೀಸೆಯಲ್ಲೇ ನಕ್ಕ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಗಳಿಗೆ ಚಳಿ ಹತ್ತಿತು. ಸಂಜೆಯಾಗುವಷ್ಟರಲ್ಲಿ ಮೈ ಕಾದ ಹೆಂಚು. ಹೊಟ್ಟೆಯಲ್ಲಿ ತಿರುಚಿದಂಥ ನೋವು, ನಿಲ್ಲದ ಭೇದಿ. ಬಚ್ಚಲಿನಿಂದ ಹೊರಗೆ ಬರುವಾಗ ಗೋಡೆ ಹಿಡಿದು ನಿಂತವಳನ್ನು ಸೊಸೆಯೇ ಮೊದಲು ನೋಡಿದ್ದು. ಗಂಡನಿಗೆ ಫೋನ್ ಮಾಡಿ, ಗಾಡಿ ಕರೆಸಿ, ನಾದಿನಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಸಾಗಿಸಿದವಳೂ ಅವಳೇ. ಕ್ಯಾಂಟೀನಪ್ಪ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗಿ ನೋಡಲು ಧೈರ್ಯವಾಗದೆ, ರಸ್ತೆಯನ್ನೇ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ದಿನ ತುಂಬುವ ಮೊದಲೇ ನೋವು ಶುರುವಾಗುವ ಹಾಗಿದೆ ಎಂದು ನರ್ಸ್ ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳಿ ಹೋಗುತ್ತಿದ್ದಳು. ಮರುದಿನವೂ ಜ್ವರ ಇಳಿಯಲಿಲ್ಲ. ಪರೀಕ್ಷೆಗೆ ಕಳಿಸಿದ್ದರ ವರದಿ ಬಂದ ಮೇಲೆ ಡಾಕ್ಟರು ಎಲ್ಲರನ್ನೂ ಹಾಸಿಗೆಯ ಹತ್ತಿರ ಕರೆದರು.

"ಊಟದಿಂದ ಬಂದಿರೋ ಸೋಂಕು ಇದು. ಸರಿಯಾಗಿ ಬೇಯದ ಕೋಳಿ, ಇಲ್ಲಾ ಮೊಟ್ಟೆ, ಹೆಚ್ಚಾಗಿ ಇವೆರಡರಿಂದ ಬರುತ್ತೆ. ಬಸುರಿಯರಲ್ಲಿ ತಡ್ಕೊಳ್ಳೋ ಶಕ್ತಿ ಕಮ್ಮಿ. ಏನು ತಿಂದಿದ್ರು ಇವ್ರು?"

ಮಗಳು ಕಣ್ಣು ಬಿಟ್ಟು ಅಪ್ಪನನ್ನು ನೋಡಿದಳು. ಕ್ಯಾಂಟೀನಪ್ಪ ಬಾಯಿ ತೆರೆದ. ಅಷ್ಟರಲ್ಲಿ, ಮಾತಿಗೆ ಬಡವನಾದ ಮಗ ಅವತ್ತು ಮಾತಾಡಿಬಿಟ್ಟ.

"ಭಾನುವಾರ ಮನೇಲಿ ಕೋಳಿ ಮಾಡಿದ್ವಿ ಡಾಕ್ಟ್ರೇ. ಸೌತೆಕಾಯಿನೂ ಇತ್ತು, ಹಸೀದು." ಹೆಂಡತಿಯ ಕಡೆ ತಿರುಗಿದ. "ಕೋಳಿ ಹೆಚ್ಚಿದ ಹಲಗೆ ಮೇಲೇ ಸೌತೆಕಾಯಿ ಹೆಚ್ಚಿದ್ಯಾ?"

"ಇಲ್ಲಪ್ಪ! ಹಲಗೆ ಬೇರೆ, ಚಾಕು ಬೇರೆ. ನಿಮಗೆ ಗೊತ್ತಿಲ್ವಾ?"

"ಅವಸರದಲ್ಲಿ ಮರ್ತಿರ್ತೀಯ. ಅವತ್ತು ಬೆಳಿಗ್ಗೆಯಿಂದ ಗಡಿಬಿಡೀಲಿದ್ದೆ ನೀನು."

ಸೊಸೆ ಮಾವನ ಕಡೆ ನೋಡಿದಳು. ಜಗಳದಲ್ಲಿ ಎದುರು ಪಕ್ಷದವನೇ ತನ್ನ ಸಾಕ್ಷಿ ಎನ್ನುವ ನಂಬಿಕೆಯಿಂದ ನೋಡಿದಳು. "ಮಾವ, ನೀವೇ ಹೇಳಿ. ದಿನಾ ಗೇಲಿ ಮಾಡ್ತೀರಲ್ಲ ನನ್ನ ಎರಡು ಹಲಗೆ ನೋಡಿ. ನಾನು ಹಾಗೆ ಮಾಡ್ತೀನಾ?"

ಒಂದು ಮಾತು ಸಾಕಿತ್ತು. ಮೊಟ್ಟೆಯ ವಿಷಯ ಹೇಳದಿದ್ದರೂ ಹೋಗಲಿ, ಇಲ್ಲಮ್ಮ, ನೀನು ಹಾಗೆ ಮಾಡುವವಳಲ್ಲ ಎಂದಿದ್ದರೂ ಆಗುತ್ತಿತ್ತು. ಕ್ಯಾಂಟೀನಪ್ಪ ಅಂದದ್ದು ಇಷ್ಟು:

"ಅದೆಲ್ಲ ಈಗ್ಯಾಕಮ್ಮಾ. ಮೊದ್ಲು ಪುಟ್ಟಿ ಹುಷಾರಾಗ್ಲಿ."

ಸೊಸೆಯ ಮುಖ ನಿಧಾನವಾಗಿ ಇಳಿಯಿತು. ಡಾಕ್ಟರು ಹೊರಟಾಗ ಅವರ ಹಿಂದೆಯೇ ಹೊರಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಬಂದು, ನಾದಿನಿಯ ಹಣೆಯ ಮೇಲಿನ ಬಟ್ಟೆ ಬದಲಾಯಿಸಿದಳು.

ದೇವರು ದೊಡ್ಡವನು, ಔಷಧಿ ಹಿಡಿಯಿತು. ನೋವು ನಿಂತಿತು, ಜ್ವರ ಇಳಿಯಿತು, ಮಗುವಿನ ಎದೆಬಡಿತ ಹದಕ್ಕೆ ಬಂತು. ಮಗಳು ಮನೆಗೆ ಬಂದಾಗ ಕೆನ್ನೆಯ ಮೂಳೆ ಕಾಣುತ್ತಿತ್ತು. ಮಗ ಬಾಗಿಲಲ್ಲೇ ಹೇಳಿಬಿಟ್ಟ, ಹೆರಿಗೆ ಆಗುವವರೆಗೆ ತಂಗಿಯ ಊಟ ಹೊರಗಿನಿಂದ ಬರುತ್ತದೆ, ಆಸ್ಪತ್ರೆಯ ಹತ್ತಿರ ಪಥ್ಯದ ಊಟ ಕೊಡುವವರಿದ್ದಾರೆ ಎಂದು. ಹೆಂಡತಿಗೆ ಅವನು ಬೈಯಲಿಲ್ಲ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು, ಜಗಳವಾಗಿ ಮುಗಿಯುತ್ತಿತ್ತು. ಅವನು ಬರೀ ಅವಳ ಕೈಯಡುಗೆಯನ್ನು ತಂಗಿಯ ತಟ್ಟೆಯಿಂದ ದೂರ ಇಟ್ಟ.

ಕ್ಯಾಂಟೀನಪ್ಪ ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ತಂತಿಯ ಬುಟ್ಟಿಯನ್ನು ಬರಿದು ಮಾಡಿ, ಮೊಟ್ಟೆಗಳನ್ನು ಕಸಕ್ಕೆ ಹಾಕಿ, ಕಿಟಕಿ ಕಟ್ಟೆಯನ್ನು ಸೋಪು ಹಾಕಿ ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಕ್ಯಾಂಟೀನು ನೆನಪಾಯಿತು. ಅಲ್ಲಿ ಬೆಳಿಗ್ಗೆ ಬಂದ ಮೊಟ್ಟೆಯಲ್ಲಿ, ಪುಟ್ಟಿಗೆಂದು ತೆಗೆದಿಟ್ಟ ಒಂದನ್ನು ಬಿಟ್ಟರೆ, ಮಧ್ಯಾಹ್ನಕ್ಕೆ ಒಂದೂ ಉಳಿಯುತ್ತಿರಲಿಲ್ಲ. ಮಿಕ್ಕವೆಲ್ಲ ದೊಡ್ಡ ಹಂಡೆಯಲ್ಲಿ ಕಲ್ಲಿನಂತೆ ಬೇಯುತ್ತಿದ್ದವು. ಮೊಟ್ಟೆಯನ್ನು ಕಾಪಾಡಿಡುವ ಕೆಲಸವೇ ಅವನಿಗೆ ಒಂದು ದಿನವೂ ಬಿದ್ದಿರಲಿಲ್ಲ. ನೂರಾರು ಮೊಟ್ಟೆ ಒಡೆದ ಕೈ ಎಂದು ಜಂಬ ಕೊಚ್ಚಿಕೊಂಡದ್ದು ನೆನೆದು ಕಿವಿ ಬಿಸಿಯಾಯಿತು.

"ಅಪ್ಪ," ಎಂದಳು ಹಿಂದಿನಿಂದ ಮಗಳು. ಅವಳು ಯಾವಾಗ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳೋ. "ಹೇಳಿಬಿಡೋಣ ಅಪ್ಪ. ಅತ್ತಿಗೆ ಮುಖ ನೋಡೋಕಾಗ್ತಿಲ್ಲ ನಂಗೆ."

"ನಾನೇ ಹೇಳ್ತೀನಿ ಪುಟ್ಟಿ. ಸಮಯ ನೋಡಿ ಹೇಳ್ತೀನಿ. ನೀನು ಈಗ ತಲೆ ಕೆಡಿಸ್ಕೋಬೇಡ."

"ನಂಗೂ ತಪ್ಪಿದೆ. ತಿನ್ನಬಾರ್ದು ಅಂತ ಗೊತ್ತಿದ್ದೂ ತಿಂದೆ. ನಿಮ್ಮ ಮುಖ ನೋಡಿ ತಿಂದೆ."

ಕ್ಯಾಂಟೀನಪ್ಪ ತಿಕ್ಕುವ ಬಟ್ಟೆಯನ್ನು ಹಿಂಡಿದ, ಮತ್ತೆ ಹಿಂಡಿದ. ಅದರಲ್ಲಿ ನೀರು ಇರಲಿಲ್ಲ.

ಸಮಯ ನೋಡುವವನಿಗೆ ಸಮಯ ಯಾವತ್ತೂ ಸಿಗಲಿಲ್ಲ. ಸೊಸೆ ಒಬ್ಬಳೇ ಇದ್ದಾಗ ಹೇಳೋಣವೆಂದರೆ ಅವಳು ಈಗ ಒಬ್ಬಳೇ ಇರುವುದನ್ನೇ ತಪ್ಪಿಸುತ್ತಿದ್ದಳು. ಮಗ ಇದ್ದಾಗ ಹೇಳೋಣವೆಂದರೆ ಅವನ ಮುಖ ಪೇಪರಿನ ಹಿಂದೆ. ಇವತ್ತು ಬೇಡ, ಅವಳಿಗೆ ತಲೆನೋವಿದೆ. ಇವತ್ತು ಬೇಡ, ಮಗ ಸಿಡುಕಿನಲ್ಲಿದ್ದಾನೆ. ಹೆರಿಗೆ ಆಗಿಬಿಡಲಿ. ಹೆರಿಗೆ ಆಯಿತು, ದಿನ ತುಂಬಿ, ಗುಂಡುಗುಂಡಾದ ಹೆಣ್ಣು ಮಗು. ಈ ಸಂತೋಷದಲ್ಲಿ ಯಾಕೆ, ಇನ್ನು ನಾಲ್ಕು ದಿನ ಹೋಗಲಿ. ಹೀಗೆ ಬೇಡ ಎನ್ನುವುದಕ್ಕೆ ಅವನಿಗೆ ಪ್ರತಿದಿನ ಒಂದು ನೆಪ ಸಿಗುತ್ತಲೇ ಹೋಯಿತು.

ಅಳಿಯ ಕೆಲಸ ಮುಗಿಸಿ ಹೆಂಡತಿ, ಮಗುವನ್ನು ಕರೆದೊಯ್ಯಲು ಬಂದ ದಿನ ಹಜಾರ ತುಂಬ ಜನ. ಎದುರು ಮನೆಯವರೂ ಮಗುವನ್ನು ಬೀಳ್ಕೊಡಲು ಬಂದಿದ್ದರು. ಮಗು ಕೈಯಿಂದ ಕೈಗೆ ದಾಟುತ್ತಿತ್ತು. ಸೊಸೆ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಗುತ್ತ ಮಗುವಿಗೆ ಕೈ ಚಾಚಿದಳು.

"ಕೈ ತೊಳ್ಕೊಂಡ್ಯಾ?" ಎಂದ ಮಗ.

ಅವನು ಏನೂ ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಅಭ್ಯಾಸವಾಗಿ ಹೋಗಿತ್ತು, ಅಷ್ಟೇ. ಆದರೆ ಸೊಸೆಯ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡು, "ಹೌದು, ಮತ್ತೆ ತೊಳ್ಕೊಂಡು ಬರ್ತೀನಿ" ಎಂದು ತಿರುಗಿದಳು.

"ನಿಲ್ಲಮ್ಮಾ," ಎಂದ ಕ್ಯಾಂಟೀನಪ್ಪ.

ಎಲ್ಲರೂ ಅವನ ಕಡೆ ನೋಡಿದರು. ಅವನು ಕುರ್ಚಿಯ ಕೈ ಹಿಡಿದು ಎದ್ದ.

"ಪುಟ್ಟಿ ಆಸ್ಪತ್ರೆ ಸೇರಿದ್ದು ನನ್ನಿಂದ. ಸೋಮವಾರ ಬೆಳಿಗ್ಗೆ ನೀವಿಬ್ರೂ ಹೋದ್ಮೇಲೆ ಅರೆಬೆಂದ ಮೊಟ್ಟೆ ತಿನ್ಸಿದೆ. ಬಿಸಿಲಲ್ಲಿಟ್ಟಿದ್ದ ಮೊಟ್ಟೆ. ಬಿರುಕು ಬಿಟ್ಟಿತ್ತು, ಕಣ್ಣಾರೆ ನೋಡಿದ್ದೆ. ಅವಳು ಬೇಡ ಅಂದ್ಲು, ನಾನೇ ಬಲವಂತ ಮಾಡಿದೆ. ಇವಳ ಹಲಗೆದೂ ಅಲ್ಲ, ಕೋಳಿದೂ ಅಲ್ಲ. ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ದೆ."

ಎದುರು ಮನೆಯವರು ಹೊರಡುವ ನೆಪ ಹುಡುಕಿ ಮೆಲ್ಲಗೆ ಎದ್ದರು. ಮಗ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ, ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡಿದ.

"ನನಗೆ ಗೊತ್ತಿತ್ತು ಮಾವ," ಎಂದಳು ಸೊಸೆ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಆ ಸೋಮವಾರ ಸಂಜೆ ಕಸದ ಬುಟ್ಟೀಲಿ ಚಿಪ್ಪು ನೋಡಿದ್ದೆ. ಮೇಲ್ಗಡೆ ಮಾತ್ರ ಒಡೆದಿದ್ದ ಚಿಪ್ಪು. ಒಳಗೆ ಹಳದಿ ಅಂಟಿತ್ತು. ಪುಟ್ಟಿಗೆ ಚಿಕ್ಕಂದಿನಲ್ಲಿ ಹಾಗೇ ಮಾಡ್ಕೊಡ್ತಿದ್ರಂತಲ್ಲ. ಆಸ್ಪತ್ರೇಲಿ ಡಾಕ್ಟ್ರ ಹಿಂದೆ ಹೋಗಿ ಅವರಿಗಷ್ಟೇ ಹೇಳ್ದೆ, ಔಷಧಿಗೆ ಬೇಕಾಗುತ್ತೇನೋ ಅಂತ."

"ಗೊತ್ತಿದ್ರೆ ಮನೇಲಿ ಯಾಕಮ್ಮಾ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನನ್ನ ತಪ್ಪನ್ನ ನಿಮ್ಮ ಮೇಲೆ ಹಾಕ್ದಂಗೆ ಆಗ್ತಿತ್ತು. ಯಾರು ನಂಬ್ತಿದ್ರು?" ಗಂಡನ ಕಡೆ ಅವಳು ನೋಡಲಿಲ್ಲ. "ನೀವು ಹೇಳ್ತೀರ ಅಂತ ಇದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಆಮೇಲೆ ಕಾಯೋದು ಬಿಟ್ಟೆ."

ಮಗಳು ಅಳುತ್ತ ಅತ್ತಿಗೆಯನ್ನು ತಬ್ಬಿಕೊಂಡಳು. ಮಗುವನ್ನು ಅವಳ ತೋಳಿಗಿಟ್ಟಳು. ಸೊಸೆ ಮಗುವಿನ ಹಣೆಗೆ ಮುತ್ತಿಟ್ಟು, ಗಾಡಿಯವರೆಗೂ ಎತ್ತಿಕೊಂಡು ಹೋದಳು.

ಮಗ ಹೆಂಡತಿಯ ಕ್ಷಮೆ ಕೇಳಿದ. ಕೇಳಿದ ರೀತಿ ಅವನಂತೆಯೇ ಮೊಂಡಾಗಿತ್ತು, ಆದರೆ ಕೇಳಿದ. ಮೆಲ್ಲಮೆಲ್ಲಗೆ ಗಂಡ ಹೆಂಡತಿಯ ನಡುವೆ ಮಾತು ಮರಳಿತು. ಒಂದು ಭಾನುವಾರ ಇಬ್ಬರೂ ಪೇಟೆಗೆ ಹೋಗಿ ನಗುತ್ತ ಬಂದದ್ದನ್ನು ಕ್ಯಾಂಟೀನಪ್ಪ ಬಾಲ್ಕನಿಯಿಂದ ನೋಡಿ ನಿಟ್ಟುಸಿರುಬಿಟ್ಟ. ತನ್ನ ಪಾಲಿಗೂ ಹಾಗೆಯೇ ಆಗುತ್ತದೆ ಎಂದುಕೊಂಡ.

ಆಗಲಿಲ್ಲ. ಸೊಸೆ ಅವನಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಂಡಿನೋವಿಗೆ ಎಣ್ಣೆ, ಒಗೆದು ಮಡಿಸಿದ ಅಂಗಿ. ಕೇಳಿದ್ದಕ್ಕೆಲ್ಲ "ಸರಿ ಮಾವ", "ಆಯ್ತು ಮಾವ". ಉಪ್ಪು ಕಮ್ಮಿ ಎಂದು ಸುಳ್ಳೇ ದೂರಿದರೆ ಉಪ್ಪಿನ ಡಬ್ಬಿ ತಂದಿಡುತ್ತಿದ್ದಳು. ಮೊದಲಾಗಿದ್ದರೆ, ನಾಲಗೆಗೆ ಕನ್ನಡಕ ಹಾಕಿಸಿಕೊಳ್ಳಿ ಎನ್ನುತ್ತಿದ್ದಳು. ಒಂದು ದಿನ ಅವನು ಬೇಕೆಂದೇ ಮೊಟ್ಟೆಗಳನ್ನು ಡಬ್ಬಿಯಿಂದ ತೆಗೆದು ಫ್ರಿಜ್ಜಿನ ಬಾಗಿಲಿನ ಗುಳಿಗಳಲ್ಲಿ ಸಾಲಾಗಿ ಜೋಡಿಸಿ, ಪೇಪರ್ ಹಿಡಿದು ಅಡುಗೆಮನೆಯ ಎದುರಿಗೇ ಕೂತ. ಸೊಸೆ ಬಂದಳು, ಬಾಗಿಲು ತೆಗೆದಳು, ನೋಡಿದಳು. ಅವನು ಪೇಪರನ್ನು ಸ್ವಲ್ಪ ಕೆಳಗಿಳಿಸಿದ. ಅವಳು ಒಂದೊಂದನ್ನೇ ಎತ್ತಿ ಡಬ್ಬಿಗೆ ಹಾಕಿ, ಕೆಳತಟ್ಟಿನಲ್ಲಿ ಹಿಂದಕ್ಕೆ ತಳ್ಳಿ, ಕೈ ತೊಳೆದುಕೊಂಡು ಹೋದಳು. ಒಂದು ಮಾತಿಲ್ಲ.

ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಪೂರ್ತಿ ದಿನದ ಕೆಲಸ ಸಿಕ್ಕಿತು, ಒಪ್ಪಿಕೊಂಡಳು. ಹಗಲು ಹೊತ್ತು ಮನೆಯಲ್ಲಿ ಈಗ ಅವನೊಬ್ಬನೇ. ಬೀದಿಯಲ್ಲಿ ಸಿಕ್ಕವರು, "ಏನ್ ಕ್ಯಾಂಟೀನಪ್ಪ, ಇತ್ತೀಚೆಗೆ ನಿಮ್ಮನೇಲಿ ಸದ್ದೇ ಇಲ್ಲ, ಸೊಸೆ ಸೋತ್ಲಾ?" ಎಂದು ಕೇಳುತ್ತಿದ್ದರು. ಅವನು ತಲೆ ಆಡಿಸಿ ಮುಂದೆ ಹೋಗುತ್ತಿದ್ದ.

ಒಂದು ಸಂಜೆ ತಡೆಯಲಾರದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ಬೀನ್ಸ್ ಮುರಿಯುತ್ತಿದ್ದಳು.

"ಒಂದು ಸಲ ಚೆನ್ನಾಗಿ ಬೈದುಬಿಡಮ್ಮಾ ನನ್ನ. ಮನಸಲ್ಲಿರೋದನ್ನೆಲ್ಲ ಅಂದುಬಿಡು."

ಅವಳು ಕೈ ನಿಲ್ಲಿಸಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಬೈಗುಳವೊಂದು ಸಿಗುತ್ತದೇನೋ ಎಂದು ಒಳಗೆಲ್ಲ ಹುಡುಕಿದ ಹಾಗಿತ್ತು.

"ಬೈಯೋಕೆ ಬರ್ತಾನೇ ಇಲ್ಲ ಮಾವ. ಸಿಟ್ಟೂ ಇಲ್ಲ, ನಿಜವಾಗ್ಲೂ. ಆ ಆಸ್ಪತ್ರೇಲಿ ನಾನು ನಿಮ್ಮ ಕಡೆ ತಿರುಗಿ ಕೇಳಿದ್ನಲ್ಲ, ಅವತ್ತಿಂದ ನಿಮ್ಮ ಹತ್ರ ಏನೂ ಕೇಳ್ಬೇಕು ಅನ್ಸೋದಿಲ್ಲ, ಅಷ್ಟೇ." ಮತ್ತೆ ಬೀನ್ಸ್ ಮುರಿಯತೊಡಗಿದಳು. "ಹೋಗಿ ಕೂತ್ಕೊಳ್ಳಿ, ಕಾಲು ನೋಯುತ್ತೆ. ಇನ್ನೊಂದು ಸ್ವಲ್ಪ ಹೊತ್ತಲ್ಲಿ ಊಟ ಆಗುತ್ತೆ."

ಅವನು ಹೋಗಿ ಕೂತ. ಮಗ ಬಂದ, ಕೈಕಾಲು ತೊಳೆದ, ಮೂವರೂ ಉಂಡರು. ಅಡುಗೆ ಚೆನ್ನಾಗಿತ್ತು. ಚೆನ್ನಾಗಿದೆಯಮ್ಮ ಎಂದ ಕ್ಯಾಂಟೀನಪ್ಪ. ಇನ್ನೊಂಚೂರು ಹಾಕ್ಲಾ ಮಾವ ಎಂದು ಅವಳು ಕೇಳಿದಳು. ಹೊಟ್ಟೆ ತುಂಬಿತ್ತು. ಆದರೂ ತಟ್ಟೆ ಮುಂದಕ್ಕೆ ಸರಿಸಿ ಹಾಕಿಸಿಕೊಂಡ.